ಸಂಶೋಧನೆಯಲ್ಲಿ ನಾವೂ ಪಾಲುದಾರರು

ಮನೆಬಾಗಿಲಿಗೆ ಆರೋಗ್ಯ ಸಮೀಕ್ಷೆಯವರು ಬಂದಾಗ ನಾವು ರಕ್ತದ ಮಾದರಿ ಕೊಡುತ್ತೇವೆ, ಕೇಳಿದ್ದಕ್ಕೆಲ್ಲ ಉತ್ತರಿಸುತ್ತೇವೆ. ಅದರಿಂದ ತಿಳಿದುಬಂದುದೇನೆಂದು ಮಾತ್ರ ವಿಚಾರಿಸುವುದಿಲ್ಲ.

ಎಚ್‌ಐವಿ ಸೋಂಕಿನಿಂದ ಬಹಳ ನೊಂದ ನಮ್ಮ ಬಾಗಲಕೋಟೆ ಜಿಲ್ಲೆಯೇ ಬೇರೊಂದು ದಾರಿ ತೋರಿದೆ. ಕಳೆದ ದಶಕದಲ್ಲಿ ಇಲ್ಲಿಯ 47 ಹಳ್ಳಿಗಳಲ್ಲಿ ‘ಸಂವೇದನಾ ಪ್ಲಸ್’ ಅಧ್ಯಯನ ನಡೆಯಿತು. ಲೈಂಗಿಕ ವೃತ್ತಿಯ ಮಹಿಳೆಯರು ಸಂಗಾತಿಗಳಿಂದ ಅನುಭವಿಸುವ ಹಿಂಸೆಯನ್ನೂ ಸೋಂಕಿನ ಅಪಾಯವನ್ನೂ ತಗ್ಗಿಸುವ ಬಗೆಯನ್ನು ಅದು ಪರೀಕ್ಷಿಸಿತು. ಆ ಮಹಿಳೆಯರದೇ ಆದ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘವು ಸಂಶೋಧಕರೊಡನೆ ಪಾಲುಗೊಂಡಿತು. ಸಮಾಜ ದೂರವಿಟ್ಟವರ ಅನುಭವಕ್ಕೆ ಅಲ್ಲಿ ಬೆಲೆ ಬಂದಿತು.

ಇಳಕಲ್ಲಿನ ನೇಕಾರರ ಬೆನ್ನುನೋವು, ಗ್ರಾನೈಟ್ ಗಣಿಯವರ ಕೆಮ್ಮು, ಬಾದಾಮಿ, ಹುನಗುಂದಗಳಲ್ಲಿ ಬೆಳೆಗೆ ಔಷಧಿ ಸಿಂಪಡಿಸುವವರ ಕಣ್ಣುರಿ: ಇವುಗಳಲ್ಲಿ ಮೊದಲು ಯಾವುದನ್ನು ಶೋಧಿಸಬೇಕೆಂಬುದನ್ನು ಬಳಲುವವರೇ ಹೇಳಬಲ್ಲರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಮಾಹಿತಿಯು ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಬಾರದು. ನೈತಿಕ ಸಮಿತಿಯಲ್ಲಿ ಜನಸಾಮಾನ್ಯರ ಪ್ರತಿನಿಧಿಯೂ ಇರಬೇಕು.

ಆದ್ದರಿಂದ ಸಹಿ ಹಾಕುವ ಮುನ್ನ ಮೂರು ಮಾತು ಕೇಳೋಣ: ಇದು ಯಾತಕ್ಕೆ? ತೊಂದರೆಯಾದರೆ ಹೊಣೆ ಯಾರದು? ಫಲಿತಾಂಶವನ್ನು ನಮಗೆ ಎಂದು ತಿಳಿಸುವಿರಿ? ಕಾಯಕಜೀವಿಗಳೆಲ್ಲ ಸಮನಾಗಿ ಕುಳಿತು ವಿಚಾರಿಸಿದ ಅನುಭವ ಮಂಟಪದ ವಾರಸುದಾರರು ನಾವು. ಪ್ರಶ್ನಿಸುವುದು ನಮಗೆ ಹೊಸದಲ್ಲ.