ಕಾಲಿನ ಉಬ್ಬುನಾಳಗಳು: ವೈದ್ಯರಿಗೆ ತೋರಿಸತಕ್ಕ ಸಮಯ

ದಿನವೆಲ್ಲ ನಿಂತು ದುಡಿಯುವವರ ಕಾಲಿನಲ್ಲಿ ರಕ್ತನಾಳಗಳು ಸುರುಳಿಸುರುಳಿಯಾಗಿ ಉಬ್ಬುವುದುಂಟು. ಹಳ್ಳಿಗರು ನರವೆಂದರೂ ಇದು ನರವಲ್ಲ. ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳ ಕವಾಟಗಳು ಸಡಿಲಗೊಂಡು ರಕ್ತವು ಕೆಳಗೆ ತಂಗುವುದರ ಫಲವು. ಸಂಜೆಯ ನೋವು ಕಾಲನ್ನೆತ್ತಿ ಮಲಗಿದಾಗ ಇಳಿಯುವುದಾದರೆ ಗಾಬರಿಗೆ ಕಾರಣವಿಲ್ಲ. ಕಾಲಿನ ಹರಡಿನ ಬಳಿ ಚರ್ಮವು ಕಪ್ಪಾದರೆ, ಅಥವಾ 2 ವಾರವಾದರೂ ಮಾಯದ ಹುಣ್ಣಾದರೆ, ಸೊಪ್ಪಿನ ರಸ ಹಚ್ಚುತ್ತ ಕಾಲಹರಣಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ನಾಳವೊಡೆದು ರಕ್ತ ಹರಿದರೆ ರೋಗಿಯನ್ನು ಮಲಗಿಸಿ, ಕಾಲನ್ನೆತ್ತಿ, ಶುದ್ಧವಸ್ತ್ರದಿಂದ ಬಲವಾಗಿ ಒತ್ತಿಹಿಡಿದೇ ಆಸ್ಪತ್ರೆಗೆ ಒಯ್ಯಬೇಕು.

ಒಂದೇ ಕಾಲಿನ ಮೀನಖಂಡವು ಹಠಾತ್ತಾಗಿ ಬಾತು, ಬಿಸಿಯೇರಿ ನೋಯುವುದು ಎಲ್ಲಕ್ಕಿಂತ ಭಯಂಕರವು. ಒಳಗೆ ರಕ್ತವು ಹೆಪ್ಪುಗಟ್ಟಿರಬಹುದು. ಎಣ್ಣೆಹಚ್ಚಿ ತಿಕ್ಕಲೇಕೂಡದು, ಹೆಪ್ಪು ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯವುಂಟು. ಅಂಥ ಆಳನ್ನು ನಾಟಿ ಮುಗಿಯಲೆಂದು ಗದ್ದೆಯಲ್ಲೇ ನಿಲ್ಲಿಸಿಕೊಳ್ಳುವ ಯಜಮಾನರುಂಟು. ಇದು ಶುದ್ಧ ಅನ್ಯಾಯ. ಅಂದೇ ಆಸ್ಪತ್ರೆಗೆ ಕಳುಹಿಸಬೇಕು. ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಕರೆಮಾಡತಕ್ಕದ್ದು.