ಮುತ್ತಜ್ಜಿ ಕಂಡ ಕಾಡಿಗೆ ಚಿಟ್ಟೆ ಹೋಗೋದು ಹೇಗೆ?

ಸುಮಾರು ಅರ್ಧ ಗ್ರಾಂ ತೂಕದ ಚಿಟ್ಟೆ 4,000 ಕಿಲೋಮೀಟರ್‌ವರೆಗೂ ಹಾರುತ್ತೆ ಅಂದ್ರೆ ನಂಬ್ತೀರಾ? ಅದರ ಹೆಸರು ಮೊನಾರ್ಕ್. ನಮ್ಮಲ್ಲಿ ಎಕ್ಕದ ಗಿಡದ ಹತ್ತಿರ ಕಾಣೋ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಹತ್ತಿರದ ನೆಂಟ. ಕೆನಡಾ, ಅಮೆರಿಕದಿಂದ ಹೊರಟು ಮೆಕ್ಸಿಕೋದ ಬೆಟ್ಟದ ಕಾಡುಗಳಲ್ಲಿ ಚಳಿಗಾಲ ಕಳೆಯುತ್ತೆ.

ಹೊರಟ ಚಿಟ್ಟೆ ಆ ಕಾಡನ್ನ ಒಮ್ಮೆಯೂ ನೋಡಿರಲ್ಲ. ವಸಂತದಲ್ಲಿ ಅಲ್ಲಿಂದ ಬಂದಿದ್ದು ಅದರ ಮುತ್ತಜ್ಜಿ. ದಾರಿ ಹೇಳಿಕೊಡೋರು ಯಾರೂ ಇಲ್ಲ. ಹಾಗಾದ್ರೆ ಆ ಮಾಹಿತಿ ಡಿಎನ್‌ಎಯಲ್ಲೇ ಇರಬೇಕಲ್ವಾ?

2011ರಲ್ಲಿ ವಿಜ್ಞಾನಿಗಳು ಮೊನಾರ್ಕ್‌ನ ಇಡೀ ಜೀನೋಮ್ ಓದಿದರು. ಸುಮಾರು 27.3 ಕೋಟಿ ಅಕ್ಷರ. ಮನುಷ್ಯನ ಜೀನೋಮ್‌ನ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಜೀನ್‌ಗಳು ಸುಮಾರು 16,800. ನಮ್ಮದು ಸುಮಾರು 20,000. ಅಂಗಡಿ ಚಿಕ್ಕದು, ಸರಕು ಹೆಚ್ಚುಕಮ್ಮಿ ಅಷ್ಟೇ!

ಇನ್ನೊಂದು ವಿಶೇಷ. ಚಿಟ್ಟೆಗಳ ಪೂರ್ವಜರಲ್ಲಿ 31 ಜೋಡಿ ಕ್ರೋಮೋಸೋಮ್ ಇದ್ದವು, ಮೊನಾರ್ಕ್‌ನಲ್ಲಿ 30. ಒಂದು ಕಳೆದುಹೋಗಿಲ್ಲ. ಲಿಂಗ ನಿರ್ಧರಿಸೋ ಝಡ್ ಕ್ರೋಮೋಸೋಮ್ ಜೊತೆ ಇನ್ನೊಂದು ಬೆಸೆದುಕೊಂಡಿದೆ. ಬಿಕಾಂ ಓದಿದ ನನ್ನ ಭಾಷೇಲಿ ಹೇಳೋದಾದ್ರೆ, ಎರಡು ಕಂಪನಿ ಮರ್ಜ್ ಆದ ಹಾಗೆ.

ನಿಜವಾದ ಟ್ವಿಸ್ಟ್ ಬಂದಿದ್ದು 2014ರಲ್ಲಿ. ವಲಸೆ ಹೋಗೋ ಮೊನಾರ್ಕ್‌ಗಳನ್ನೂ ಹವಾಯಿ, ಸ್ಪೇನ್ ಥರದ ಕಡೆ ನೆಲೆನಿಂತ ಮೊನಾರ್ಕ್‌ಗಳನ್ನೂ ಜೀನೋಮ್ ಮಟ್ಟದಲ್ಲಿ ಹೋಲಿಸಿದರು. ಉಷ್ಣವಲಯದ ಚಿಟ್ಟೆ ಆಮೇಲೆ ವಲಸೆ ಕಲಿತಿದೆ ಅನ್ನೋದು ಹಳೇ ಊಹೆ. ಜೀನೋಮ್ ಹೇಳಿದ್ದು ಉಲ್ಟಾ: ಮೂಲ ಉತ್ತರ ಅಮೆರಿಕ, ಪೂರ್ವಜರೇ ವಲಸಿಗರು. ಬೇರೆ ಕಡೆ ನೆಲೆನಿಂತವು ವಲಸೆಯನ್ನ ಬಿಟ್ಟವು. ಅದೂ ಒಂದಲ್ಲ, ಹಲವು ಸಲ.

ಎರಡರ ನಡುವೆ ಎದ್ದು ಕಂಡ ವ್ಯತ್ಯಾಸ ಹಾರೋ ಸ್ನಾಯುಗಳಿಗೆ ಸಂಬಂಧಿಸಿದ ಒಂದು ಕೊಲಾಜನ್ ಜೀನ್‌ನಲ್ಲಿ. ವಲಸೆ ಚಿಟ್ಟೆಗಳು ಹಾರುವಾಗ ಕಡಿಮೆ ಆಮ್ಲಜನಕ ಬಳಸ್ತವೆ. ಜೋರಾಗಿ ಓಡೋ ಬೈಕಲ್ಲ, ಒಳ್ಳೇ ಮೈಲೇಜ್ ಕೊಡೋ ಬೈಕು.

ಇದೆಲ್ಲ ಈಗ ಯಾಕೆ ಮುಖ್ಯ? 1996-97ರ ಚಳಿಗಾಲದಲ್ಲಿ ಮೆಕ್ಸಿಕೋದಲ್ಲಿ ಮೊನಾರ್ಕ್‌ಗಳು ತುಂಬಿದ್ದ ಕಾಡು ಸುಮಾರು 18 ಹೆಕ್ಟೇರ್. 2023-24ರಲ್ಲಿ 0.9. ಮರುವರ್ಷ 1.79ಕ್ಕೆ ಏರಿತು, ಆದರೂ ಹಳೇ ಲೆಕ್ಕಕ್ಕೆ ಹೋಲಿಸಿದ್ರೆ ಹತ್ತನೇ ಒಂದು ಪಾಲು.

ನೆಲೆನಿಂತ ಮೊನಾರ್ಕ್‌ಗಳು ಇರೋದ್ರಿಂದ ಚಿಟ್ಟೆ ಉಳಿಯಬಹುದು. ಆದರೆ ಮುತ್ತಜ್ಜಿಯಿಂದ ಮರಿಮಕ್ಕಳಿಗೆ ಸದ್ದಿಲ್ಲದೆ ಸಾಗಿಬಂದ ಆ ಯಾತ್ರೆ? ಅದು ನಿಂತುಹೋದ್ರೆ, ಮತ್ತೆ ಕಲಿಸೋಕೆ ಯಾರೂ ಇಲ್ಲ. ಮುಂದಿನ ಸಂಚಿಕೇಲಿ ಸಿಗೋಣ.