ಎಚ್ಚರವಿದ್ದೂ ಏಳಲಾಗದ ನಿಮಿಷ: ದೆವ್ವವೂ ಅಲ್ಲ, ಲಕ್ವವೂ ಅಲ್ಲ

ಕಣ್ಣು ತೆರೆದಿರುತ್ತದೆ. ಗೋಡೆ, ತಿರುಗುವ ಫ್ಯಾನು, ಕಿಟಕಿಯಿಂದ ಬೀಳುವ ಬೀದಿದೀಪದ ಬೆಳಕು ಎಲ್ಲವೂ ಕಾಣುತ್ತಿರುತ್ತವೆ. ಆದರೆ ಕೈ ಎತ್ತಲಾಗದು, ಕಾಲು ಮಡಚಲಾಗದು. ಪಕ್ಕದಲ್ಲಿ ಮಲಗಿದವರನ್ನು ಕೂಗೋಣವೆಂದರೆ ದನಿ ಹೊರಡದು. ಎದೆಯ ಮೇಲೆ ಯಾರೋ ಕುಳಿತು ಅದುಮಿದಂತಾಗುತ್ತದೆ. ಕೆಲವರಿಗೆ ಬಾಗಿಲ ಬಳಿ ಕಪ್ಪು ಆಕೃತಿ ನಿಂತಂತೆ ಕಾಣುತ್ತದೆ, ಹೆಜ್ಜೆ ಸಪ್ಪಳವೂ ಕೇಳುತ್ತದೆ. ಕೆಲವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಎಲ್ಲವೂ ತಾನಾಗಿ ಮಾಯವಾಗುತ್ತದೆ. ಉಳಿಯುವುದು ಬೆವರು, ಎದೆಬಡಿತ ಮತ್ತು ನಾಳೆಯೂ ಹೀಗಾದರೆ ಎಂಬ ಭಯ.

ವೈದ್ಯವಿಜ್ಞಾನ ಇದನ್ನು ‘ಸ್ಲೀಪ್ ಪ್ಯಾರಾಲಿಸಿಸ್’ ಎನ್ನುತ್ತದೆ. ಕನ್ನಡದಲ್ಲಿ ‘ನಿದ್ರಾ ಪಾರ್ಶ್ವವಾಯು’ ಎಂಬ ಹೆಸರು ಬಳಕೆಗೆ ಬಂದಿದೆ. ಹೆಸರು ಕೇಳಿ ಗಾಬರಿಯಾಗುವುದು ಸಹಜ. ಆದರೆ ಮಿದುಳಿನ ರಕ್ತಸಂಚಾರಕ್ಕೆ ತಡೆಯುಂಟಾಗಿ ಬರುವ ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ.

ದೇಹಕ್ಕೆ ತಡವಾಗಿ ಎಚ್ಚರ

ನಿದ್ರೆಯೆಂಬುದು ಒಂದೇ ಸಮನಾದ ಸ್ಥಿತಿಯಲ್ಲ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಅವರು, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುವ ನಿದ್ರೆಯ ಹಂತವೊಂದನ್ನು ವರದಿ ಮಾಡಿದರು. ಅದೇ ‘ರೆಮ್’ ನಿದ್ರೆ. ಎದ್ದುಕಾಣುವಂಥ ಕನಸುಗಳು ಬೀಳುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಕನಸಿನಲ್ಲಿ ಓಡುವವನು ಹಾಸಿಗೆಯಿಂದೆದ್ದು ಓಡಬಾರದಷ್ಟೆ. ಅದಕ್ಕಾಗಿ ಮಿದುಳು ಈ ಹಂತದಲ್ಲಿ ಕೈಕಾಲುಗಳ ಸ್ನಾಯುಗಳಿಗೆ ಬೀಗ ಹಾಕುತ್ತದೆ. ಗಾಬಾ ಮತ್ತು ಗ್ಲೈಸಿನ್ ಎಂಬ ಎರಡು ರಾಸಾಯನಿಕಗಳು ಸೇರಿ ಈ ಕೆಲಸ ಮಾಡುತ್ತವೆ ಎಂಬುದನ್ನು ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಮನಸ್ಸು ಎಚ್ಚೆತ್ತ ಮೇಲೂ ಈ ಬೀಗ ತೆರೆಯದಿದ್ದರೆ ಆಗುವುದೇ ನಿದ್ರಾ ಪಾರ್ಶ್ವವಾಯು. ಕನಸೂ ಪೂರ್ತಿ ಮುಗಿದಿರುವುದಿಲ್ಲವಾದ್ದರಿಂದ ಅದರ ಆಕೃತಿಗಳು ನಿಜವಾದ ಕೋಣೆಯೊಳಗೇ ಕಾಣಿಸಿಕೊಳ್ಳುತ್ತವೆ.

ಎದೆಯ ಮೇಲಿನ ಭಾರಕ್ಕೂ ಕಾರಣವಿದೆ. ರೆಮ್ ನಿದ್ರೆಯಲ್ಲಿ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲವಾಗಿರುತ್ತವೆ. ಉಸಿರಾಟ ಮುಖ್ಯವಾಗಿ ವಪೆಯಿಂದ ನಡೆಯುತ್ತದೆ. ಹೆದರಿದವರು ದೀರ್ಘವಾಗಿ ಉಸಿರೆಳೆಯಲು ಹೊರಟಾಗ ಎದೆ ಹಿಗ್ಗುವುದಿಲ್ಲ. ಉಸಿರು ಕಟ್ಟಿತೆಂದು ಅನ್ನಿಸಿದರೂ ಉಸಿರಾಟ ನಿಂತಿರುವುದಿಲ್ಲ.

ಊರಿಗೊಂದು ಹೆಸರು

ಈ ಅನುಭವಕ್ಕೆ ಜಗತ್ತಿನ ಹಲವೆಡೆ ಪ್ರೇತದ ಹೆಸರೇ ಅಂಟಿಕೊಂಡಿದೆ. ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ ಎದೆಯ ಮೇಲೆ ಕೂರುವವಳು ‘ಓಲ್ಡ್ ಹ್ಯಾಗ್’, ಅಂದರೆ ಮುದಿ ಮಾಟಗಾತಿ. ಜಪಾನಿನಲ್ಲಿ ಇದು ‘ಕನಾಶಿಬಾರಿ’, ಲೋಹದಿಂದ ಬಿಗಿದಂಥ ಸ್ಥಿತಿ. ಚಿತ್ರಕಾರ ಹೆನ್ರಿ ಫ್ಯೂಸೆಲಿ 1781ರಲ್ಲಿ ಬರೆದ ‘ದಿ ನೈಟ್‌ಮೇರ್’ ಚಿತ್ರದಲ್ಲಿ ಅಂಗಾತ ಮಲಗಿದ ಹೆಣ್ಣಿನ ಮೇಲೆ ಕುಳ್ಳ ಪಿಶಾಚಿಯೊಂದು ಕುಳಿತಿದೆ. ನಮ್ಮಲ್ಲಿಯೂ ಗಾಳಿ ಸೋಕಿತು, ಪೀಡೆ ಅಮರಿತು ಎನ್ನುವವರಿದ್ದಾರೆ. ದಿಂಬಿನಡಿ ಕಬ್ಬಿಣ ಇಡುವುದು, ತಾಯಿತ ಕಟ್ಟಿಸುವುದು ಇಂಥ ಭಯಕ್ಕೆ ಜನ ಕಂಡುಕೊಂಡ ಉಪಾಯಗಳು. ದೇಶ ಬೇರೆಯಾದರೂ ವರ್ಣನೆ ಒಂದೇ ಆಗಿರುವುದಕ್ಕೆ ಕಾರಣ, ಮನುಷ್ಯರೆಲ್ಲರ ಮಿದುಳು ನಿದ್ರಿಸುವ ಬಗೆ ಒಂದೇ ಆಗಿರುವುದು.

ಇದು ಅಪರೂಪದ ತೊಂದರೆಯೂ ಅಲ್ಲ. 35 ಅಧ್ಯಯನಗಳ, 36 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಸಾಮಾನ್ಯ ಜನರಲ್ಲಿ ಶೇ 7.6ರಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದರ ಅನುಭವವಾಗಿದೆ. ವಿದ್ಯಾರ್ಥಿಗಳಲ್ಲಿ ಈ ಪ್ರಮಾಣ ಶೇ 28.3.

ಭಯದ ಸುಳಿ

ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ನಿದ್ರೆ, ಮಾನಸಿಕ ಒತ್ತಡ ಮತ್ತು ಅಂಗಾತ ಮಲಗುವ ಅಭ್ಯಾಸ ಇದಕ್ಕೆ ಎಡೆಮಾಡಿಕೊಡುತ್ತವೆ. ಪರೀಕ್ಷೆಗೆಂದು ರಾತ್ರಿಯಿಡೀ ಓದುವವರು, ವಾರಕ್ಕೊಮ್ಮೆ ಪಾಳಿ ಬದಲಾಗುವ ಕಾಲ್‌ಸೆಂಟರ್, ಕಾರ್ಖಾನೆ, ಆಸ್ಪತ್ರೆ ನೌಕರರು ಎಚ್ಚರ ವಹಿಸಬೇಕಾದುದು ಈ ಕಾರಣಕ್ಕೆ.

ಈ ಸ್ಥಿತಿಯಿಂದ ದೇಹಕ್ಕೆ ಅಪಾಯವಿಲ್ಲ. ತೊಂದರೆ ಕೊಡುವುದು ಅದರ ಭಯ. ಹೆದರಿದವರು ಮಲಗಲು ಹಿಂಜರಿಯುತ್ತಾರೆ, ದೀಪ ಹಚ್ಚಿಟ್ಟು ಎಚ್ಚರವಿರುತ್ತಾರೆ. ನಿದ್ದೆ ಕೆಟ್ಟಷ್ಟೂ ಅನುಭವ ಮರುಕಳಿಸುತ್ತದೆ, ಮರುಕಳಿಸಿದಷ್ಟೂ ಭಯ ಬಲಿಯುತ್ತದೆ. ನಗೆಪಾಟಲಾಗುವ ಅಳುಕಿನಿಂದ ಇದನ್ನು ಮನೆಯವರಿಗೂ ಹೇಳದೆ ನುಂಗಿಕೊಳ್ಳುವವರಿಗೆ ಈ ಸುಳಿಯಿಂದ ಹೊರಬರುವುದು ಇನ್ನೂ ಕಷ್ಟ.

ಆ ಹೊತ್ತಿನಲ್ಲಿ ಏನು ಮಾಡಬೇಕು?

ಕೊಸರಾಡಿದಷ್ಟೂ ಗಾಬರಿ ಹೆಚ್ಚುತ್ತದೆ. ಸಂಶೋಧಕ ಬಾಲಂದ್ ಜಲಾಲ್ ರೂಪಿಸಿರುವ ವಿಧಾನದಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಇದು ನಿದ್ರಾ ಪಾರ್ಶ್ವವಾಯು, ಅಪಾಯವಿಲ್ಲ ಎಂದು ಗುರುತಿಸಿಕೊಳ್ಳುವುದು ಮೊದಲನೆಯದು. ಸರಿಹೋಗುವ ಸಂಗತಿಗೆ ಹೆದರಬೇಕಿಲ್ಲವೆಂದು ಮನಸ್ಸನ್ನು ಭಯದಿಂದ ದೂರ ನಿಲ್ಲಿಸುವುದು ಎರಡನೆಯದು. ಪ್ರೀತಿಪಾತ್ರರ ಮುಖವನ್ನೋ ಪ್ರಾರ್ಥನೆಯನ್ನೋ ಮನಸ್ಸಿನಲ್ಲಿ ನೆಲೆಗೊಳಿಸುವುದು ಮೂರನೆಯದು. ಕೈಕಾಲು ಅಲುಗಿಸಲು ಹೆಣಗದೆ ದೇಹವನ್ನು ಸಡಿಲ ಬಿಡುವುದು ಕೊನೆಯದು. ನಾರ್ಕೊಲೆಪ್ಸಿ ಎಂಬ ನಿದ್ರಾರೋಗವಿದ್ದ 10 ಮಂದಿಯನ್ನೊಳಗೊಂಡು 2020ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ, ಇದನ್ನು ಅಭ್ಯಾಸ ಮಾಡಿದವರಿಗೆ ತೊಂದರೆ ಕಾಣಿಸಿದ ದಿನಗಳು ಸುಮಾರು ಅರ್ಧಕ್ಕೆ ಇಳಿದವು. ದೊಡ್ಡ ಅಧ್ಯಯನಗಳು ಇನ್ನೂ ಬೇಕಿದ್ದರೂ ಈ ಅಭ್ಯಾಸಕ್ಕೆ ಖರ್ಚಿಲ್ಲ. ಹಗಲಿನಲ್ಲಿಯೇ ರೂಢಿಸಿಕೊಂಡರೆ ಆ ಹೊತ್ತಿಗೆ ನೆನಪಾಗುತ್ತದೆ.

ಪಕ್ಕದಲ್ಲಿರುವವರು ಮೈಮುಟ್ಟಿ ಹೆಸರಿಡಿದು ಕರೆದರೆ ಬೀಗ ಬೇಗ ತೆರೆದುಕೊಳ್ಳುವುದುಂಟು. ದಿನವೂ ಒಂದೇ ಹೊತ್ತಿಗೆ ಮಲಗಿ ಏಳುವುದು, ಮಗ್ಗುಲಾಗಿ ಮಲಗುವುದು, ಸಂಜೆಯ ನಂತರ ಕಾಫಿ, ಮದ್ಯ ಬಿಡುವುದು ನೆರವಾಗುತ್ತವೆ.

ವೈದ್ಯರನ್ನು ಕಾಣುವುದೆಂದು?

ವಾರವಾರವೂ ಮರುಕಳಿಸುತ್ತಿದ್ದರೆ ಅಥವಾ ಭಯದಿಂದ ನಿದ್ದೆಯೇ ತಪ್ಪುತ್ತಿದ್ದರೆ ನರರೋಗ ಇಲ್ಲವೇ ಮನೋರೋಗ ತಜ್ಞರನ್ನು ಕಾಣುವುದು ಒಳ್ಳೆಯದು. ಹಗಲಿನಲ್ಲಿ ತಡೆಯಲಾಗದ ತೂಕಡಿಕೆಯಿದ್ದು, ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತಿದ್ದರೆ ಅದು ನಾರ್ಕೊಲೆಪ್ಸಿಯ ಸೂಚನೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಆದರೆ ಪೂರ್ತಿ ಎಚ್ಚರವಾದ ಮೇಲೂ ದೇಹದ ಒಂದು ಭಾಗ ಸೋತೇ ಇದ್ದರೆ, ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ ಅದು ಲಕ್ವವಿರಬಹುದು. ಆಗ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆ ಸೇರಬೇಕು.

ಮಕ್ಕಳೋ ಸಂಗಾತಿಯೋ ಬೆಳಿಗ್ಗೆ ಎದ್ದು ‘ರಾತ್ರಿ ಯಾರೋ ಎದೆಯ ಮೇಲೆ ಕೂತಿದ್ದರು’ ಎಂದರೆ ನಗುವುದೂ ಬೇಡ, ಹರಕೆ ಹೊರುವುದೂ ಬೇಡ. ಅವರಿಗಾದ ಅನುಭವ ನಿಜ, ಕೂತವರು ಮಾತ್ರ ಯಾರೂ ಇಲ್ಲ ಎಂದು ತಿಳಿಹೇಳಿದರೆ ಅರ್ಧ ಚಿಕಿತ್ಸೆ ಮನೆಯಲ್ಲಿಯೇ ಆದಂತೆ.